ಹೊಸ್ತಿಲ ಕೆಮ್ಮು

ನಮ್ಮ ಮನೆಯಲ್ಲಿ ಹಿರಿಯ ಗಂಡಸು ಒಳಗೆ ಬರುವ ಮೊದಲು ಹೊಸ್ತಿಲ ಹೊರಗೆ ನಿಂತು ಒಮ್ಮೆ ಕೆಮ್ಮಬೇಕು. ನನ್ನ ತಂದೆ ಕೆಮ್ಮುತ್ತಿದ್ದರು, ಅವರ ತಂದೆಯೂ ಕೆಮ್ಮುತ್ತಿದ್ದರಂತೆ. ಕೆಮ್ಮು ಕೇಳಿದೊಡನೆ ಒಳಗಿದ್ದ ಸೊಸೆ ತಲೆಯ ಮೇಲೆ ಸೆರಗೆಳೆದುಕೊಂಡು ಅಡುಗೆಮನೆಯ ಕಡೆ ಸರಿಯುತ್ತಾಳೆ. ಮಾವ ಸೊಸೆಯನ್ನು ಹೆಸರು ಹಿಡಿದು ಕರೆಯುವುದಿಲ್ಲ. ಸೊಸೆ ಮಾವನ ಎದುರು ನಿಂತು ಮಾತಾಡುವುದಿಲ್ಲ. ಶಹಾಪುರದಲ್ಲಿ ಈಗ ಇದನ್ನು ಬಿಟ್ಟ ಮನೆಗಳೇ ಹೆಚ್ಚು. ನಾನು ಬಿಟ್ಟಿರಲಿಲ್ಲ. ಮೂವತ್ತು ವರ್ಷ ಸಹಕಾರ ಸಂಘದಲ್ಲಿ ಗುಮಾಸ್ತನಾಗಿದ್ದು, ಈಗ ಸಂಜೆ ಮಠದಲ್ಲಿ ಪುರಾಣ ಓದುವವನು. ಓದುವ ಅಮರಪ್ಪನ ಮನೆಯಲ್ಲೇ ರೀತಿ ಇಲ್ಲದಿದ್ದರೆ ಕೇಳುವವರು ಏನೆಂದಾರು ಎಂಬುದು ನನ್ನ ಎಣಿಕೆಯಾಗಿತ್ತು.

ಸೊಸೆ ಸುನಿತಾ ಸುರಪುರದವಳು. ಮದುವೆಯಾದ ಏಳು ವರ್ಷ ಅವಳಿಗೂ ನನಗೂ ನಡೆದ ಮಾತೆಲ್ಲ ನನ್ನ ಮಗ ಸಂಗಮನಾಥನ ಮೂಲಕ ನಡೆಯಿತು. ಅವನು ಊಟಕ್ಕೆ ಕುಳಿತಾಗ ನಗುತ್ತ, "ಅಪ್ಪಗ ಇನ್ನೊಂದು ರೊಟ್ಟಿ ಬೇಕಂತ, ಕೇಳಾಕ ಬಾಯಿಲ್ಲ ಪಾಪ," ಎನ್ನುತ್ತಿದ್ದ. ಅತ್ತ ತಿರುಗಿ ಏನನ್ನೋ ಕೇಳಿಸಿಕೊಂಡು ಇತ್ತ ತಿರುಗಿ, "ಉಪ್ಪು ಕಡಿಮಿ ಆಗೇತೇನು ಅಂತ ಕೇಳಾಕತ್ತಾಳ, ನಿಮ್ಮ ಮೀಸಿ ನೋಡಿ ಹೆದರ್ಯಾಳ," ಎನ್ನುತ್ತಿದ್ದ. ಮಕ್ಕಳಾಗಿರಲಿಲ್ಲ. ಹೋದ ಕಾರ್ತಿಕದಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ, ಅವನು ಲಿಂಗೈಕ್ಯನಾದ. ಆ ದಿನದಿಂದ ಮನೆಯ ಮಾತೂ ನಿಂತಿತು.

ಉಳಿದವಳು ನನ್ನ ಅಕ್ಕ ಕಲ್ಯಾಣಮ್ಮ. ಎಂಬತ್ತು ದಾಟಿದೆ. ನನ್ನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಾಗ ಕೂಸನ್ನು ಎತ್ತಿ ಬೆಳೆಸಿದವಳು ಅವಳೇ. ಹತ್ತು ವರ್ಷದಿಂದ ಅವಳಿಗೆ ಕಿವಿ ಕೇಳಿಸದು. ಅವಳೂ ಸುನಿತಾಳೂ ಕೈಸನ್ನೆಯಲ್ಲೇ ದಿನ ಕಳೆಯುತ್ತಿದ್ದರು. ಹೀಗೆ ಮೂವರಿದ್ದ ಮನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಪಾತ್ರೆಯ ಸಪ್ಪಳ ಬಿಟ್ಟು ಬೇರೇನೂ ಇರಲಿಲ್ಲ. ದುಃಖದ ಮನೆ ಹೀಗೇ ಇರುತ್ತದೆ ಎಂದುಕೊಂಡೆ.

ಆಷಾಢದ ಒಂದು ಬೆಳಿಗ್ಗೆ ಪೇಟೆಯಿಂದ ಬಂದು, ಕೆಮ್ಮಿ, ಒಳಗೆ ಕಾಲಿಟ್ಟೆ. ಸುನಿತಾ ಪಡಸಾಲೆಯಲ್ಲಿ ನನಗೆ ಬೆನ್ನು ಮಾಡಿ ಕುಳಿತು ತಲೆ ಬಾಚಿಕೊಳ್ಳುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ನಾನು ಹಿಂದೆ ಸರಿದು ಮತ್ತೊಮ್ಮೆ ಕೆಮ್ಮಿದೆ. ಬಾಚಣಿಗೆ ನಿಲ್ಲಲಿಲ್ಲ. ಮೂರನೆಯ ಸಲ ಕೆಮ್ಮಲು ನನಗೇ ನಾಚಿಕೆಯಾಯಿತು. ಚಪ್ಪಲಿ ಮೆಟ್ಟಿಕೊಂಡು ಮಠಕ್ಕೆ ಹೋಗಿ ಮಧ್ಯಾಹ್ನದವರೆಗೆ ಅಲ್ಲೇ ಕುಳಿತೆ.

ಆ ವಾರ ಮತ್ತೆರಡು ಸಲ ಹಾಗೇ ಆಯಿತು. ಮಠದಲ್ಲೂ ಒಂದು ಬದಲಾವಣೆ ಕಂಡಿದ್ದೆ. ಪುರಾಣ ಕೇಳಲು ಬಂದರೆ ಅವಳು ಹಿಂದಿನ ಕಂಬದ ಮರೆಯಲ್ಲಿ ಕೂಡುವವಳು. ಯುಗಾದಿಯ ಹೊತ್ತಿಗೆ ನಡುವಿಗೆ ಬಂದಿದ್ದಳು. ಈಗ ಹೆಂಗಸರೆಲ್ಲರ ಮುಂದೆ, ನನ್ನ ವ್ಯಾಸಪೀಠದ ಎದುರಿಗೇ ಕುಳಿತು, ನಾನು ಓದುವಷ್ಟು ಹೊತ್ತೂ ನನ್ನ ಮುಖವನ್ನೇ ನೋಡುತ್ತಿದ್ದಳು. ಗಂಡ ಸತ್ತು ಎಂಟು ತಿಂಗಳಾದ ಸೊಸೆ ಹತ್ತು ಜನರ ಮುಂದೆ ಮಾವನ ಮುಖ ನೋಡುವುದೆಂದರೇನು? ಒಂದು ಸಂಜೆ ಓದುತ್ತಿದ್ದ ಸಾಲೇ ತಪ್ಪಿಹೋಯಿತು.

ಗಂಡ ಹೋದ, ಭಯ ಹೋಯಿತು, ಭಯದ ಹಿಂದೆ ಮರ್ಯಾದೆಯೂ ಹೋಯಿತು. ಹೀಗೆ ತೀರ್ಮಾನಿಸಿ ಸುರಪುರದಲ್ಲಿದ್ದ ಅವಳ ಅಣ್ಣ ಬಸವಲಿಂಗನಿಗೆ ಫೋನು ಮಾಡಿದೆ. "ನಿಮ್ಮ ತಂಗಿಗಿ ನಮ್ಮ ಮನಿ ರೀತಿ ಒಗ್ಗವಲ್ದು. ಬಂದು ಕೇಳು. ಇರಾಕಿ ಆದ್ರ ರೀತೀಲೆ ಇರ್ಲಿ. ಇಲ್ಲಂದ್ರ ಕರಕೊಂಡು ಹೋಗು."

ಏಳು ವರ್ಷ ಮನೆಯ ದೀಪ ಹಚ್ಚಿದವಳನ್ನು ಹೊರಗೆ ಕಳಿಸುವ ಮಾತು ಅಷ್ಟು ಸುಲಭವಾಗಿ ನನ್ನ ಬಾಯಿಂದ ಬಂತು. ಆ ದಿನವೂ ನಾನು ಲಿಂಗಪೂಜೆ ಮಾಡಿಯೇ ಊಟ ಮಾಡಿದ್ದೆ.

ಬಸವಲಿಂಗ ಸೋಮವಾರ ಬಂದ. ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದ ತಂಗಿಯ ಬೆನ್ನ ಹಿಂದೆ ನಿಂತು ಬಯ್ಯತೊಡಗಿದ. ನಾನು ಹಿತ್ತಲ ಬಾಗಿಲೊಳಗೆ ನಿಂತಿದ್ದೆ.

"ಏನು ನಡಸೀದಿಯವಾ? ಮಾವಾರ ಮುಂದ ಸೆರಗಿಲ್ದ ಕುಂದರತೀಯಂತ. ಅವ್ವ ಇದನ್ನ ಕಲಿಸ್ಯಾಳೇನು ನಿನಗ?"

ಅವಳ ಕೈ ನಿಲ್ಲಲಿಲ್ಲ.

"ನಿನ್ನನ್ನ ಕೇಳಾಕತ್ತೇನಿ. ಗ್ವಾಡಿಗಿ ಹೇಳಾಕತ್ತೇನೇನು ನಾ?"

ನಮ್ಮ ಓಣಿಯ ಆಶಾ ಕಾರ್ಯಕರ್ತೆ ಶರೀಫಾಬೀ ಆ ಹೊತ್ತಿಗೆ ಹಿತ್ತಲ ಗೇಟಿನಿಂದ ಒಳಗೆ ಬಂದಿದ್ದಳು. ಮಳೆಗಾಲದಲ್ಲಿ ಅವಳು ಮನೆಮನೆಯ ನೀರಿನ ಪೀಪಾಯಿಯಲ್ಲಿ ಸೊಳ್ಳೆಮರಿ ಇವೆಯೇ ಎಂದು ನೋಡಿ ಬರೆದುಕೊಳ್ಳುತ್ತಾಳೆ. ಪೀಪಾಯಿಯ ಮುಚ್ಚಳ ಮುಚ್ಚಿ ಇತ್ತ ತಿರುಗಿದಳು.

"ಅಣ್ಣಾ, ಎಷ್ಟೊತ್ತಾತ್ರಿ ನೀವು ಬೈಯ್ಯಾಕತ್ತು?"

"ಮನಿ ಮಾತು ನಿನಗ್ಯಾಕವಾ?"

"ಮನಿ ಮಾತಲ್ರಿ. ನಾ ಬಂದೀನಿ, ಮುಚ್ಚಳ ತಗದೀನಿ, ಹಾಕೀನಿ. ಆಕಿ ನನ್ನ ಕಡಿ ನೋಡೇ ಇಲ್ಲ. ಮೊದಲ ನಾ ಬಂದಾಗೆಲ್ಲಾ ಜಗಳಾ ಮಾಡಾಕಿ, ಈಗ ಯಾಕ ಸುಮ್ಮ ಅದಾಳ?"

ತೊಳೆದ ಪಾತ್ರೆಗಳಿಂದ ಒಂದು ಹಿತ್ತಾಳೆ ಲೋಟ ಮತ್ತು ಸೌಟು ಎತ್ತಿಕೊಂಡು ಶರೀಫಾಬೀ ಸುನಿತಾಳ ಬೆನ್ನ ಹಿಂದೆ ಬಗ್ಗಿದಳು. ಬಲಗಿವಿಯ ಹತ್ತಿರ ಲೋಟಕ್ಕೆ ಸೌಟಿನಿಂದ ಬಡಿದಳು. ಒಮ್ಮೆ, ಎರಡು ಸಲ, ಮೂರು ಸಲ. ಸುನಿತಾ ತೊಳೆದ ಚರಿಗೆಯನ್ನು ಬೋರಲು ಹಾಕಿ ಇನ್ನೊಂದನ್ನು ಕೈಗೆತ್ತಿಕೊಂಡಳು. ಶರೀಫಾಬೀ ಎಡಗಡೆಗೆ ಬಂದು ಬಡಿದಳು. ಮೂರನೆಯ ಪೆಟ್ಟಿಗೆ ಸುನಿತಾ ತಲೆ ಸ್ವಲ್ಪ ಎತ್ತಿದಳು, ದೂರದ ಬೀದಿಯಲ್ಲಿ ಏನೋ ಸಪ್ಪಳವಾಯಿತೆನ್ನುವ ಹಾಗೆ.

ಬಸವಲಿಂಗ ಹೋಗಿ ತಂಗಿಯ ಹೆಗಲು ಮುಟ್ಟಿದ.

ಸುನಿತಾ ಹೊರಳಿ ನಮ್ಮೆಲ್ಲರನ್ನೂ ಕಂಡು ಗಾಬರಿಯಿಂದ ಒದ್ದೆ ಕೈಯಲ್ಲೇ ಸೆರಗೆಳೆದುಕೊಂಡಳು. ಎರಡೂ ಕಿವಿಯಲ್ಲಿ ಹತ್ತಿ ಇತ್ತು. ಬಾಗಿಲಿಗೆ ಬಂದ ಅಕ್ಕ ಎಲ್ಲರ ಮುಖ ನೋಡಿದಳು. ಶರೀಫಾಬೀ ಕಿವಿ ತೋರಿಸಿ ಕೈ ಅಲ್ಲಾಡಿಸಿದಳು.

ಕಿವುಡರು ಮಾತಾಡುವಂತೆ ಅಕ್ಕ ದೊಡ್ಡ ದನಿಯಲ್ಲಿ ಹೇಳಿದಳು: "ಆಕಿಗಿ ಕೇಳಂಗಿಲ್ಲಂತ ನನಗ ಸಂಕ್ರಾಂತಿಗೇ ಗೊತ್ತೈತಿ."

ನಾನು ಅವಳ ಕಿವಿಯಲ್ಲಿ ಕೂಗಿದೆ: "ಮತ್ತ ಯಾಕ ಹೇಳ್ಲಿಲ್ಲ?"

"ನೀ ಯಾವಾಗ ಕೇಳಿದಿ?"

ಸುನಿತಾ ಅಣ್ಣನಿಗೆ ಹೇಳಿದ್ದನ್ನು ನಾನು ಬಾಗಿಲೊಳಗಿಂದ ಕೇಳಿದೆ. ಚಳಿಗಾಲದಲ್ಲಿ ಬಲಗಿವಿ ಸೋರತೊಡಗಿತು. ನೋವು ಇಲ್ಲವೇ ಇಲ್ಲ. ನೋವಿದ್ದರೆ ಹೇಳುತ್ತಿದ್ದಳು. ಔಷಧದ ಅಂಗಡಿಯಿಂದ ಹನಿ ತರಿಸಿ ಮೂರು ಸೀಸೆ ಹಾಕಿಕೊಂಡಳು. ಆಮೇಲೆ ಎಡಗಿವಿಯೂ ಸೋರಿತು.

"ಯಾರಿಗರ ಹೇಳಬಾರ್ದೇನವಾ?" ಎಂದು ಬಸವಲಿಂಗ ಬಾಯಿ ಅಗಲಿಸಿ ಕೇಳಿದ.

"ಯಾರಿಗಿ ಹೇಳ್ಲಿ? ಹೇಳವ್ರು ಹೋದರಲ್ಲ," ಎಂದಳು.

ಅವನು ನನ್ನ ಕಡೆ ತಿರುಗಿ, "ಮಾವಾರ, ಕರಕೊಂಡು ಹೋಗ್ಲೇನು ಹಂಗಾರ?" ಎಂದ. ಅದರಲ್ಲಿ ಚುಚ್ಚುಮಾತು ಎಷ್ಟಿತ್ತೋ ಶಿವನೇ ಬಲ್ಲ.

"ಬ್ಯಾಡ. ನಾಳಿಗಿ ನಾ ಯಾದಗಿರಿಗಿ ಕರಕೊಂಡು ಹೋಗ್ತೀನಿ."

ಶರೀಫಾಬೀ ಜೊತೆಗೆ ಬಂದಳು. ಬಸ್ಸಿನಲ್ಲಿ ಅವರಿಬ್ಬರೂ ಮುಂದೆ, ನಾನು ಹಿಂದಿನ ಸೀಟಿನಲ್ಲಿ. ಗಾಳಿಗೆ ಸೆರಗು ಸರಿದಾಗ ಹತ್ತಿ ಹಳದಿಯಾಗಿ ತೊಯ್ದದ್ದು ಕಾಣುತ್ತಿತ್ತು. ಭೀಮೆಯ ಸೇತುವೆ ದಾಟುವವರೆಗೆ ಅದನ್ನೇ ನೋಡುತ್ತಿದ್ದೆ. ಎಂಟು ತಿಂಗಳು ಆ ಸೆರಗು ಕಿವಿಯ ಮೇಲೆ ಇರಲಿ ಎಂದು ಕೆಮ್ಮಿದವನು ನಾನು.

ಆಸ್ಪತ್ರೆಯ ಕಿವಿಯ ಡಾಕ್ಟರು ಗುಲ್ನಾಜ್ ಎಂಬ ಹೆಣ್ಣುಮಗಳು. ಸಣ್ಣ ವಯಸ್ಸು, ಆತುರವಿಲ್ಲದ ಕೈ. ಕಿವಿ ಸ್ವಚ್ಛ ಮಾಡಿ, ದುರ್ಬೀನಿನಂಥ ಯಂತ್ರದಲ್ಲಿ ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಮುಚ್ಚಿದ ಕೋಣೆಯಲ್ಲಿ ಸುನಿತಾಳನ್ನು ಕೂಡಿಸಿ, ತಲೆಗೆ ಯಂತ್ರ ಹಾಕಿ, ಸಪ್ಪಳ ಕೇಳಿದಾಗ ಗುಂಡಿ ಒತ್ತಲು ಹೇಳಿದರು. ಗಾಜಿನ ಕಿಟಕಿಯಿಂದ ಅವಳ ಹೆಬ್ಬೆರಳು ಕಾಣುತ್ತಿತ್ತು. ಸೆರಗಿಲ್ಲದ ಅವಳ ಮುಖವನ್ನು ನಾನು ಸರಿಯಾಗಿ ನೋಡಿದ್ದು ಅಂದೇ. ಹೆಬ್ಬೆರಳು ಗುಂಡಿಯ ಮೇಲೆ ಕಾಯುತ್ತಿತ್ತು. ಬಹಳ ಹೊತ್ತು ಕಾಯಿತು.

ಹೊರಗೆ ಬಂದ ಮೇಲೆ ಡಾಕ್ಟರು ಹೇಳಿದರು: "ಸಾದಾ ಕಿವಿ ಸೋರೂದು ನಾನು ದಿನಾ ನೋಡ್ತೀನಿ. ಇದು ಬ್ಯಾರೆ ಕಾಣಸ್ತದ. ಕಿವಿ ಪರದ್ಯಾಗ ಒಂದಲ್ಲ, ಮೂರು ತೂತು ಅದಾವ. ಒಳಗ ಬಿಳಚಿದ ಮಾಂಸ ಬೆಳದದ. ನೋವಿಲ್ಲ, ಆದರ ಕೇಳೂದು ಮಾತ್ರ ಹೋಗಬೇಕಾದ್ದಕ್ಕಿಂತ ಭಾಳ ಹೋಗೇದ. ಬಲಗಿವಿ ಮಟ್ಟಿಗೆ ನಾನು ಮಾತು ಕೊಡಂಗಿಲ್ಲ. ಎಡಗಿವಿ ಉಳಸ್ಕೋಬೇಕು. ಮೂಲ ಗೊತ್ತಾಗದ ಹನಿ ಹಾಕ್ಕೊಂತ ಕುಂತ್ರ ಅದೂ ಹೋಗ್ತದ. ಮುಖದ ನರಾನೂ ಅಲ್ಲೇ ಹಾದದ, ಅದಕ್ಕ ತಾಗಿದ್ರ ಮುಖ ಸೊಟ್ಟ ಆಗ್ತದ."

ಆಮೇಲೆ ಸುನಿತಾಳ ಎಡಗಿವಿಯ ಹತ್ತಿರ ಬಾಗಿ ಗಟ್ಟಿಯಾಗಿ ಕೇಳಿದರು: "ಮನ್ಯಾಗ ಯಾರಿಗರ ಟಿ.ಬಿ. ಆಗಿತ್ತೇನವಾ? ದಿನಗಟ್ಟಲೆ ಕೆಮ್ಮು?"

ಸುನಿತಾ ಉತ್ತರ ಕೊಡಲಿಲ್ಲ. ಕೇಳಿಸಲಿಲ್ಲವೆಂದು ಡಾಕ್ಟರು ಮತ್ತೊಮ್ಮೆ ಕೇಳಿದರು. ಕೇಳಿಸಿತ್ತು. ನನಗೆ ಗೊತ್ತು. ಅವಳು ತನ್ನ ಬಲಗೈ ಬಿಚ್ಚಿ ಅಂಗೈ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು.

ಆ ಅಂಗೈಯ ಕತೆ ಹೇಳಬೇಕು. ಸಂಗಮನಾಥ ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ. ಕೆಮ್ಮು ಹತ್ತಿದಾಗ ಹತ್ತಿಯ ಧೂಳು ಎಂದೆವು. ಜ್ವರ ಬಂದು ಸೊರಗಿದಾಗ ನಾನೇ ಅವನನ್ನು ಯಾರೂ ನಮ್ಮನ್ನು ಅರಿಯದ ದೂರದ ಊರಿಗೆ ಕರೆದೊಯ್ದೆ. ಅಲ್ಲಿಯ ವೈದ್ಯರು ಕ್ಷಯ ಎಂದರು. ಆ ಹೆಸರು ಕೇಳಿ ನನ್ನ ಬಾಲ್ಯ ನೆನಪಿಗೆ ಬಂತು. ನಮ್ಮ ಚಿಕ್ಕಪ್ಪನಿಗೆ ಅದೇ ರೋಗವಾಗಿದ್ದಾಗ ಓಣಿಯವರು ನಮ್ಮನ್ನು ಸೇದುವ ಬಾವಿಯ ಹತ್ತಿರ ಬಿಡಲಿಲ್ಲ. ನನ್ನ ತಾಯಿ ಕೊಡ ಹೊತ್ತು ಊರ ಹೊರಗಿನ ಹಳ್ಳಕ್ಕೆ ನಡೆಯುತ್ತಿದ್ದಳು. ರೋಗಿಯ ವಿಳಾಸ ಸರಕಾರಕ್ಕೆ ತಿಳಿಸಬೇಕೆಂದು ವೈದ್ಯರು ಕೇಳಿದಾಗ ನಾನು ಗುರುಮಠಕಲ್ಲಿನ ಒಂದು ಸುಳ್ಳು ವಿಳಾಸ ಬರೆಸಿದೆ. ಹಾಗಾಗಿ ನಮ್ಮ ಮನೆಗೆ ಯಾರೂ ಬರಲಿಲ್ಲ, ಮನೆಯಲ್ಲಿ ಉಳಿದವರನ್ನು ಯಾರೂ ಪರೀಕ್ಷಿಸಲಿಲ್ಲ. ಶರೀಫಾಬೀ ವರ್ಷದ ಪಟ್ಟಿ ಹಿಡಿದು ಬಾಗಿಲಿಗೆ ಬಂದು, "ಕೆಮ್ಮು ಇದ್ದವ್ರು ಯಾರರ ಅದಾರೇನು ಕಾಕಾ?" ಎಂದಾಗ, "ಇಲ್ಲ" ಎಂದೆ. ಸುನಿತಾ ಬಾಯಿ ಬಿಡಬಾರದೆಂದು ಮಗನ ಕೈಯಿಂದ ದೇವರ ಜಗುಲಿಯ ವಿಭೂತಿ ಗಟ್ಟಿಯ ಮೇಲೆ ಅವಳ ಬಲಗೈ ಇಡಿಸಿದೆ. ಆ ಆಣೆಯನ್ನೂ ನಾನು ನೇರವಾಗಿ ಕೇಳಲಿಲ್ಲ. ಅವನ ಮೂಲಕವೇ ಕೇಳಿದೆ.

ಗುಳಿಗೆ ನುಂಗಿ ಎರಡು ತಿಂಗಳಿಗೆ ಮಗನ ಕೆಮ್ಮು ನಿಂತಿತು. ಮೈ ತುಂಬಿತು. ಮೂರನೆಯ ತಿಂಗಳು ಗುಳಿಗೆ ಬಿಟ್ಟ. ಬಿಡಬೇಡ ಎನ್ನುವವರು ಮನೆಗೆ ಬರದಂತೆ ನಾನು ನೋಡಿಕೊಂಡಿದ್ದೆನಲ್ಲ. ಅರ್ಧ ವರ್ಷದ ಮೇಲೆ ಜ್ವರ ತಿರುಗಿ ಬಂದು ತಲೆಗೇರಿತು. ಹತ್ತು ದಿನದಲ್ಲಿ ಹೋದ. ಜನ ಕೇಳಿದರೆ ಜ್ವರ ಎಂದೆವು. ಲಿಂಗೈಕ್ಯನಾದವನ ರೋಗದ ಹೆಸರು ಹೇಳಬಾರದು ಎಂದು ನಮ್ಮಲ್ಲಿ ಒಂದು ಮಾತಿದೆ. ಅದೂ ನನಗೆ ಅನುಕೂಲವಾಯಿತು.

ಈಗ ಅವಳು ತನ್ನ ಕಿವಿ ಹೋದರೂ ಆಣೆ ಮುರಿಯದೆ ನನ್ನ ಅಪ್ಪಣೆ ಕಾಯುತ್ತಿದ್ದಳು. ಮಗ ಬದುಕಿದ್ದರೆ ನಡುವೆ ನಿಂತು ಒಂದು ಮಾತು ಹೇಳುತ್ತಿದ್ದ. ನಡುವೆ ಯಾರೂ ಇರಲಿಲ್ಲ.

"ನನ್ನ ಮಗಗ ಆಗಿತ್ರಿ," ಎಂದೆ. "ಆಕಿ ಗಂಡಗ. ಗುಳಿಗಿ ನಡುವ ಬಿಟ್ಟ. ತೀರಿಕೊಂಡ. ಯಾರಿಗೂ ಹೇಳಬಾರದಂತ ಆಕಿಗಿ ಆಣಿ ಹಾಕ್ಸಿದ್ದು ನಾನು."

ಆಮೇಲೆ ಅವಳ ಎಡಗಡೆಗೆ ಹೋಗಿ ನಿಂತೆ. ಜೀವನದಲ್ಲಿ ಮೊದಲ ಸಲ ಅವಳ ಹೆಸರು ಕರೆದೆ. "ಸುನಿತಾ, ಆ ಆಣಿ ಬಿಟ್ಟೀನಿ. ನಿನಗ ಗೊತ್ತಿದ್ದಷ್ಟು ಹೇಳು."

ಅವಳು ಅಂಗೈಯನ್ನು ಸೆರಗಿಗೆ ಒರೆಸಿಕೊಂಡು ಹೇಳತೊಡಗಿದಳು. ಯಾವ ತಿಂಗಳು ಕೆಮ್ಮು ಬಂತು, ಯಾವ ದಿನ ಕಫದಲ್ಲಿ ರಕ್ತ ಕಂಡಿತು, ಯಾವ ದಿನ ಗುಳಿಗೆಯ ಪೊಟ್ಟಣ ಕಪಾಟಿನ ಮೇಲೆ ಹೋಯಿತು. ಬಿಡಬೇಡಿರೆಂದು ತಾನು ಎರಡು ಸಲ ಅತ್ತದ್ದು. ಅದರಲ್ಲಿ ಎಷ್ಟೋ ನನಗೆ ಗೊತ್ತಿರಲಿಲ್ಲ.

ಡಾಕ್ಟರು ನನ್ನನ್ನು ಬಯ್ಯಲಿಲ್ಲ. "ಹೇಳಿದ್ದು ಛಲೋ ಆತು. ಇಲ್ಲಂದ್ರ ಮೂಲ ಹುಡುಕೂದ್ರಾಗ ಇನ್ನಷ್ಟು ದಿನ ಹೋಗ್ತಿದ್ವು," ಎಂದರು. ಬಯ್ಯುವ ಕೆಲಸ ಹೊರಗೆ ಬೇವಿನ ಮರದ ಕೆಳಗೆ ಶರೀಫಾಬೀ ಮಾಡಿದಳು.

"ಕಾಕಾ, ನನ್ನ ಬುಕ್ಕಿನ್ಯಾಗ ನಿಮ್ಮ ಮನಿ ಹೆಸರಿನ ಮುಂದ 'ಇಲ್ಲ' ಅಂತ ಬರದೀನಿ. ಅವತ್ತು ನನ್ನ ಪೆನ್ನು ನಡೀಲಿಲ್ಲ, ನೀವೇ ನಿಮ್ಮ ಪೆನ್ನು ಕೊಟ್ರಿ. ನೆನಪೈತೇನು?"

"ಐತಿ."

"ಸಂಗಣ್ಣ ನನಗ ತಮ್ಮ ಇದ್ದಂಗಿದ್ದ. ನೀವು ಹೇಳಿದ್ರ ಮುಂಜಾನೆದ್ದು ಬಾಗಿಲಿಗಿ ಬಂದು ಗುಳಿಗಿ ನುಂಗಸ್ತಿದ್ದೆ ನಾ." ಅವಳು ಆಚೆ ತಿರುಗಿಕೊಂಡಳು. ನಾನು ಮರದ ಕಟ್ಟೆಯ ಮೇಲೆ ಕುಳಿತೆ. ಸುನಿತಾ ಬಾಟಲಿಯಲ್ಲಿ ನೀರು ತಂದು ನನ್ನ ಪಕ್ಕದಲ್ಲಿಟ್ಟು ಹೋದಳು.

ಕಿವಿಯ ಕೀವನ್ನು ಪರೀಕ್ಷೆಗೆ ಕಳಿಸಿದರು. ಅದರಲ್ಲಿ ಏನೂ ಸಿಗಲಿಲ್ಲ. ನನಗೆ ಆಸೆ ಹುಟ್ಟಿತು. ಈ ರೋಗ ಕೀವಿನಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಇಲ್ಲವೆಂದು ತಿಳಿಯಬೇಡಿ ಎಂದು ಡಾಕ್ಟರು ಒಳಗಿನ ಮಾಂಸದ ಸಣ್ಣ ಚೂರು ತೆಗೆದು ಕಳಿಸಿದರು. ಹನ್ನೆರಡು ದಿನಕ್ಕೆ ವರದಿ ಬಂತು. ಕ್ಷಯವೇ. ಎದೆಯ ಫೋಟೋ ಸ್ವಚ್ಛವಾಗಿತ್ತು. ಕಿವಿಯಲ್ಲಿ ಮಾತ್ರ. ಆರು ತಿಂಗಳು ಗುಳಿಗೆ, ಬೇಕಾದರೆ ಇನ್ನೂ ಕೆಲವು ತಿಂಗಳು. ಒಂದು ದಿನವೂ ತಪ್ಪುವಂತಿಲ್ಲ. ನನ್ನನ್ನೂ ಅಕ್ಕನನ್ನೂ ಪರೀಕ್ಷಿಸಿ, ರೋಗ ಬರದಿರಲಿ ಎಂದು ನಮಗೂ ವಾರಕ್ಕೊಮ್ಮೆ ನುಂಗುವ ಗುಳಿಗೆ ಕೊಟ್ಟರು. ಈ ಸಲ ವಿಳಾಸ ಕೇಳಿದಾಗ ಓಣಿಯ ಹೆಸರು, ಮನೆಯ ನಂಬರು, ಬಾಗಿಲ ಮುಂದಿನ ಗುರುತು ಎಲ್ಲವನ್ನೂ ಬರೆಸಿದೆ.

ಗುಳಿಗೆ ನುಂಗುವುದನ್ನು ದಿನವೂ ಒಬ್ಬರು ಎದುರಿಗಿದ್ದು ನೋಡಬೇಕು. ಶರೀಫಾಬೀ ಬರುತ್ತೇನೆಂದಳು. ಅವಳು ಬರದ ದಿನ ನಾನು ನೋಡುತ್ತೇನೆಂದೆ. ಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ, ಗುಳಿಗೆಯ ಪಟ್ಟಿ ಹಿಡಿದು ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತೆ. ಅವಳು ಸೆರಗು ಮೂಗಿನವರೆಗೆ ಎಳೆದುಕೊಂಡಳು.

"ಸುನಿತಾ, ಸೆರಗು ಹಿಂದ ಸರಸು. ಕಿವಿಗಿ ಗಾಳಿ ಬೇಕಂತ. ನನ್ನ ಬಾಯಿ ಕಂಡ್ರ ನಿನಗ ಮಾತೂ ತಿಳೀತಾವ."

"ಮಂದಿ ಏನಂತಾರ್ರಿ ಮಾವಾರ?"

"ಅನ್ಲಿ. ಅವ್ರು ಅನ್ನೂದು ನನಗ ಕೇಳ್ತೈತಿ, ನಿನಗ ಕೇಳಂಗಿಲ್ಲ. ನಿನಗೇನು ಚಿಂತಿ?"

ಅವಳು ನಕ್ಕಳು. ನಾನು ಹಾಸ್ಯ ಮಾಡುವವನಲ್ಲ. ಆ ಮಾತು ನನ್ನ ಮಗನದಾಗಿತ್ತು. ಹೇಗೋ ನನ್ನ ಬಾಯಿಗೆ ಬಂತು.

ಮಂದಿ ಅಂದರು. ಅಮರಪ್ಪನ ಸೊಸೆ ಸೆರಗು ಇಳಿಸಿದಳೆಂದು ಮಠದ ಕಟ್ಟೆಯ ಮೇಲೆ ಮಾತಾಯಿತು. ಶ್ರಾವಣದ ಒಂದು ಸಂಜೆ ಪುರಾಣ ಮುಗಿಸಿ ಪುಸ್ತಕ ಮುಚ್ಚಿ, ನನ್ನ ಮಗ ಯಾವ ರೋಗದಿಂದ ಹೋದ, ನಾನು ಹೇಗೆ ಮುಚ್ಚಿಟ್ಟೆ, ಸೊಸೆಯ ಕಿವಿ ಹೇಗೆ ಹೋಯಿತು ಎಂಬುದನ್ನು ಇದ್ದಂತೆ ಹೇಳಿದೆ. ಮರುದಿನ ಕೇಳುವವರು ಕಡಿಮೆ ಇದ್ದರು. ಪ್ರಸಾದ ಹಂಚುವಾಗ ಒಬ್ಬರು ಕೈ ಹಿಂದೆಳೆದುಕೊಂಡರು. ನನ್ನ ತಾಯಿಯ ಕೊಡ ನೆನಪಾಯಿತು. ಆದರೂ ಓದುವುದನ್ನು ಬಿಡಲಿಲ್ಲ. ಸುನಿತಾ ಎದುರಿಗೇ ಕೂಡುತ್ತಿದ್ದಳು. ಅವಳಿಗೆ ಬಾಯಿ ಕಾಣಲೆಂದು ನಾನು ಪುಸ್ತಕವನ್ನು ಸ್ವಲ್ಪ ಕೆಳಗೆ ಹಿಡಿಯುತ್ತಿದ್ದೆ.

ಎರಡು ತಿಂಗಳಿಗೆ ಕಿವಿ ಸೋರುವುದು ನಿಂತಿತು. ಮಗನೂ ಎರಡು ತಿಂಗಳಿಗೇ ಗುಣವಾದಂತಿದ್ದ. ನನಗೆ ಆ ದಿನಗಳೇ ಹೆಚ್ಚು ಭಯದವು. ಪಿತ್ತ ಕೆರಳಿ ಊಟ ಸೇರದಾದಾಗ ಒಂದು ಬೆಳಿಗ್ಗೆ ಅವಳು, "ಇವತ್ತೊಂದಿನ ಬ್ಯಾಡ್ರಿ," ಎಂದಳು. ನಾನು ಪಟ್ಟಿ ಹಿಡಿದು ಬಾಗಿಲಲ್ಲೇ ನಿಂತೆ. ಬಿಸಿಲು ಪಡಸಾಲೆಯ ನಡುವಿಗೆ ಬರುವವರೆಗೆ ನಿಂತೆ. ಅಕ್ಕ ಬಂದು, "ಆ ಮುದುಕ ನಿಂತು ನಿಂತು ಸಾಯ್ತಾನ, ನುಂಗವಾ," ಎಂದು ಕೂಗಿದ ಮೇಲೆ ನುಂಗಿದಳು.

ಮಾಘದಲ್ಲಿ ಗುಳಿಗೆ ಮುಗಿದವು. ಡಾಕ್ಟರು ಮತ್ತೆ ಆ ಗಾಜಿನ ಕೋಣೆಯಲ್ಲಿ ಕೂಡಿಸಿದರು. ಎಡಗಿವಿ ಬಹುಮಟ್ಟಿಗೆ ತಿರುಗಿ ಬಂದಿತ್ತು. ಬಲಗಿವಿ ಬರಲಿಲ್ಲ. ಮುಂದೆ ಪರದೆಗೆ ತೇಪೆ ಹಾಕಬಹುದು, ಆದರೆ ಕೇಳುವುದು ಎಷ್ಟು ಬಂದೀತೆಂದು ಹೇಳಲಾಗದು ಎಂದರು. ಅದು ನನ್ನ ಲೆಕ್ಕಕ್ಕೆ ಸೇರಿದ ಕಿವಿ. ಈಗ ಊಟಕ್ಕೆ ಕುಳಿತರೆ ಅವಳ ಎಡಗಡೆ ಬರುವಂತೆ ನನ್ನ ಮಣೆ ಹಾಕಿಕೊಳ್ಳುತ್ತೇನೆ. ರೊಟ್ಟಿ ನಾನೇ ಕೇಳುತ್ತೇನೆ.

ಮೊನ್ನೆ ಸಂಜೆ ಮಠದಿಂದ ಬಂದೆ. ಹೊಸ್ತಿಲ ಹೊರಗೆ ನಿಂತಾಗ, ಇಷ್ಟು ವರ್ಷದ ರೂಢಿ, ಗಂಟಲು ತನಗೆ ತಾನೇ ಕೆಮ್ಮಿತು. ಸುನಿತಾ ಅಡುಗೆಮನೆಯಲ್ಲಿ ನನಗೆ ಬೆನ್ನು ಮಾಡಿ ರೊಟ್ಟಿ ಬಡಿಯುತ್ತಿದ್ದಳು. ಸೆರಗು ಹೆಗಲ ಮೇಲಿತ್ತು. ಬಡಿಯುವ ಕೈ ನಿಂತಿತು.

"ಮಾವಾರ, ಎಷ್ಟು ದಿನಾತ್ರಿ ಈ ಕೆಮ್ಮು?"

"ಇದೇನಿಲ್ಲ. ಸುಮ್ಮ ಕೆಮ್ಮಿದೆ."

"ಸುಮ್ಮ ಯಾರರ ಕೆಮ್ಮತಾರೇನ್ರಿ? ನಾಳಿಗಿ ಶರೀಫಾಬೀಗಿ ಹೇಳ್ತೀನಿ, ಕಫದ ಡಬ್ಬಿ ತರ್ಲಿ."

ಅದು ರೋಗದ ಕೆಮ್ಮಲ್ಲ, ನಿನಗೆ ಸೆರಗೆಳೆದುಕೋ ಎನ್ನುವ ಕೆಮ್ಮು ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ. ಅವಳು ಇನ್ನೂ ನನ್ನ ಕಡೆ ತಿರುಗಿರಲಿಲ್ಲ. ಬೆನ್ನು ಮಾಡಿಯೇ ಕೇಳಿಸಿಕೊಂಡಿದ್ದಳು.

"ತರ್ಲಿ," ಎಂದು ಹೇಳಿ ಚಪ್ಪಲಿ ಬಿಟ್ಟು ಒಳಗೆ ಬಂದೆ.